ಎರಡು ಕಡೆಗೂ ಲೆಕ್ಕವಾಗುವ ಒಂದು ತಟ್ಟೆ ಹುಳ

ಓದುವ ನಿಮಗೆಲ್ಲ ನಮಸ್ಕಾರ. ನಾನು ಮದ್ದೂರಿನಲ್ಲಿ ಗೂಡ್ಸ್ ಆಟೋ ಓಡಿಸುವವನು. ಇದನ್ನು ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಒತ್ತು, ದೀರ್ಘ ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಹತ್ತನೇ ಕ್ಲಾಸು ಪಾಸು ಮಾಡಿದ್ದು ಮೂವತ್ತು ದಾಟಿದ ಮೇಲೆ, ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಿದ ವರ್ಷ. ಹುಡುಗನಾಗಿದ್ದಾಗ ಗಣಿತದಲ್ಲಿ ಫೇಲಾಗಿ ಬಿಟ್ಟುಬಿಟ್ಟಿದ್ದೆ. ಆ ಫೇಲು ಎಲ್ಲಿ ಹೋದರೂ ನನ್ನ ಜೊತೆಗೇ ಬರುತ್ತಿತ್ತು. ಹೆಣ್ಣು ನೋಡಲು ಹೋದಾಗ ಕೇಳಿದರು, ಬ್ಯಾಂಕಿನಲ್ಲಿ ಕೇಳಿದರು, ಆಟೋ ಸಾಲಕ್ಕೆ ಕೇಳಿದರು. ಹಾಗಾಗಿ ಹತ್ತನೇ ಕ್ಲಾಸು ಅಂದರೆ ನನಗೆ ಇವತ್ತಿಗೂ ಎದೆ ಹೊಡೆದುಕೊಳ್ಳುತ್ತದೆ. ಇದು ನನ್ನ ಮಗಳ ಹತ್ತನೇ ಕ್ಲಾಸಿನ ವಿಷಯ.

ಅವಳು ಓದುತ್ತಿದ್ದ ಸರ್ಕಾರಿ ಹೈಸ್ಕೂಲಿಗೂ ಊರಿನ ಒಂದು ಡಿಗ್ರಿ ಕಾಲೇಜಿಗೂ ಸೇರಿ ಒಂದು ಏರ್ಪಾಡಾಯಿತು. ಚೆನ್ನಾಗಿ ಓದುವ ಕೆಲವು ಮಕ್ಕಳು ಹಿಂದಿ ಬಿಟ್ಟು, ಅದರ ಬದಲಿಗೆ ಕಾಲೇಜಿಗೆ ಹೋಗಿ ರೇಷ್ಮೆ ಕೃಷಿ ಕೋರ್ಸು ಮಾಡಬಹುದು. ಪಾಠ ಕಾಲೇಜಿನದೇ, ಹೇಳಿಕೊಡುವವರೂ ಕಾಲೇಜಿನವರೇ. ಹೆಡ್ ಮಾಸ್ಟರು ತಂದೆ ತಾಯಿಯರನ್ನೆಲ್ಲ ಕರೆಸಿ ವಿವರಿಸಿದರು. ಅಲ್ಲಿ ಬರುವ ಅಂಕ ಹತ್ತನೇ ಕ್ಲಾಸಿಗೂ ಸೇರುತ್ತದೆ, ಮುಂದೆ ಅದೇ ಕಾಲೇಜು ಸೇರಿದರೆ ಅಲ್ಲಿಯೂ ಆ ಪೇಪರು ಮುಗಿದ ಹಾಗೆ ಅಂದರು. ಎಲ್ಲರೂ ತಲೆ ಆಡಿಸಿದರು. ನಾನೊಬ್ಬ ಎದ್ದು ನಿಂತು, ಫೇಲಾದರೆ ಏನು ಸಾರ್ ಅಂತ ಕೇಳಿದೆ.

"ಎರಡು ಕಡೆನೂ ಫೇಲು ಕಣ್ರೀ. ಅದಕ್ಕೇ ಓದೋ ಮಕ್ಕಳನ್ನ ಮಾತ್ರ ಕಳಿಸ್ತಿರೋದು" ಅಂದರು.

ಅವತ್ತಿನಿಂದ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹೆಂಡತಿಯೂ ಹಿಂದಿಯನ್ನೇ ಓದಿಕೊಂಡಿದ್ದರೆ ಆಗುತ್ತಿರಲಿಲ್ಲವಾ ಅಂತ ದಿನಾ ಗೊಣಗುತ್ತಿದ್ದಳು. ಮಗಳು ಕೇಳಲಿಲ್ಲ. ಹಿಂದಿ ಬರೀ ಬಾಯಿಪಾಠ, ಇದಾದರೆ ಕೈಯಲ್ಲಿ ಹಿಡಿದು ನೋಡಬಹುದು ಅನ್ನುವುದು ಅವಳ ವಾದ.

ಮೊದಲ ದಿನ ಕಾಲೇಜಿನ ಗೇಟಿನವರೆಗೆ ನಾನೇ ಬಿಟ್ಟೆ. ನೀಲಿ ಯೂನಿಫಾರಂ ಹಾಕಿಕೊಂಡು ಎರಡು ಜಡೆ ಹೆಣೆದುಕೊಂಡ ಮಕ್ಕಳು ಡಿಗ್ರಿ ಹುಡುಗರ ನಡುವೆ ತೀರಾ ಚಿಕ್ಕವರಾಗಿ ಕಾಣುತ್ತಿದ್ದರು. ಬೈಕಿನ ಮೇಲೆ ಕೂತಿದ್ದ ಒಬ್ಬ, "ಏನ್ರವ್ವ, ಅಂಗನವಾಡಿ ಆ ಕಡೆ ಐತೆ" ಅಂದ. ನನ್ನ ಮಗಳು ನಿಂತು, "ಗೊತ್ತು ಕಣಣ್ಣ. ನೀವು ಬರ್ನಿಲ್ಲ ಅಂತ ಟೀಚರು ಕರ್ಕಂಡ್ ಬರಕ್ಕೆ ಕಳ್ಸವ್ರೆ" ಅಂದಳು. ಅವನ ಸ್ನೇಹಿತರೇ ನಕ್ಕುಬಿಟ್ಟರು. ನನಗೆ ಮಾತ್ರ ನಗು ಬರಲಿಲ್ಲ. ಇಷ್ಟು ಬಾಯಿ ಇರುವ ಮಗು ಇಲ್ಲಿ ಏನು ಮಾಡಿಕೊಳ್ಳುತ್ತದೋ ಅಂತ ಹೆದರಿಕೆಯಾಯಿತು.

ಕಾಲೇಜಿನ ಹಿಂದೆ ಒಂದು ಹುಳು ಸಾಕುವ ಮನೆ ಇತ್ತು. ಪ್ರತಿ ಮಗುವಿಗೂ ಒಂದು ತಟ್ಟೆ ಹುಳು ಕೊಟ್ಟಿದ್ದರು. ಆ ತಟ್ಟೆಯ ಹುಳು ಎಷ್ಟು ಗೂಡು ಕಟ್ಟುತ್ತದೆ, ಎಂಥ ಗೂಡು ಕಟ್ಟುತ್ತದೆ ಅನ್ನುವುದರ ಮೇಲೆ ಪ್ರಾಕ್ಟಿಕಲ್‌ನ ಹೆಚ್ಚಿನ ಅಂಕ, ಮಿಕ್ಕಿದ್ದು ಬಾಯಲ್ಲಿ ಕೇಳುವ ಪ್ರಶ್ನೆಗೂ ರೆಕಾರ್ಡು ಬುಕ್ಕಿಗೂ. ಪ್ರಾಕ್ಟಿಕಲ್ ಪಾಸಾಗದಿದ್ದರೆ ಕೋರ್ಸಿನಲ್ಲೇ ಫೇಲು.

ಹುಳು ನಾಲ್ಕನೇ ಸಲ ಪೊರೆ ಕಳಚಿ ಎದ್ದ ಮೇಲೆ ತಿನ್ನುವುದನ್ನು ನೋಡಿದವರಿಗೆ ಗೊತ್ತು. ಹಾಕಿದ ಸೊಪ್ಪು ಕಣ್ಣೆದುರೇ ಕಡ್ಡಿಯಾಗುತ್ತದೆ. ಕಾಲೇಜಿನ ತೋಟದ ಹಿಪ್ಪುನೇರಳೆ ಸಾಲದೆ ಬಂತು. ಆ ವಾರ ಮಕ್ಕಳಿಗೆ ಶಾಲೆಯವರು ಬೆಳಗಿನ ಪಾಠ ಬಿಡಿಸಿಕೊಟ್ಟಿದ್ದರು. ಒಬ್ಬೊಬ್ಬರು ಒಂದೊಂದು ದಿನ ಮನೆ ಕಡೆಯಿಂದ ಸೊಪ್ಪು ತರಬೇಕು ಅಂತ ಕೋರ್ಸು ಹೇಳಿಕೊಡುವ ಕಾಲೇಜಿನ ಮೇಡಂ ಹೇಳಿದ್ದರು. ನಮಗೆ ಜಮೀನಿಲ್ಲ. ಕೊಪ್ಪದ ಹತ್ತಿರ ನನ್ನ ಬಾಮೈದನ ತೋಟವಿದೆ. ಅವನು ಆಗ ತಾನೇ ಒಂದು ಬೆಳೆ ಗೂಡು ಮಾರಿ ಹುಳುಮನೆ ತೊಳೆದು ಬಿಟ್ಟಿದ್ದ. ಹುಳು ಇರಲಿಲ್ಲ, ಸೊಪ್ಪು ಇತ್ತು. ಮಗಳ ಸರದಿ ಬಂದ ದಿನ ಬೆಳಿಗ್ಗೆ ಹೋಗಿ, ಅವನು ಕೊಯ್ದುಕೊಟ್ಟ ಸೊಪ್ಪನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಆಟೋದಲ್ಲಿ ಹಾಕಿಕೊಂಡು ಬಂದು, ಅವಳ ಜೊತೆ ಕಾಲೇಜಿನ ಗೇಟಿನಲ್ಲಿ ಇಳಿಸಿದೆ. ಆಮೇಲೆ ಎಳನೀರು ಲೋಡು ಹಾಕಿಸಿಕೊಂಡು ಮಳವಳ್ಳಿ ಕಡೆ ಹೊರಟೆ.

ದಾರಿಯಲ್ಲಿ ಟೀ ಕುಡಿಯಲು ನಿಲ್ಲಿಸಿದೆ. ಲೋಡು ಇಳಿಸಲು ಜೊತೆಗೆ ಬಂದಿದ್ದವನು ಬಾಮೈದನ ಊರಿನವನೇ. ಫೋನು ನೋಡುತ್ತಾ ಕೂತಿದ್ದವನು, "ಅಣ್ಣ, ನಿನ್ ಬಾಮೈದ ನೆನ್ನೆ ಸಂಜೆ ಸ್ಟೇಟಸ್ ಹಾಕವ್ನೆ ನೋಡು, ಡ್ರೋನಂತೆ" ಅಂತ ನನ್ನ ಮುಂದೆ ಹಿಡಿದ.

ವಿಡಿಯೋದಲ್ಲಿ ಕಬ್ಬಿನ ಮೇಲೆ ಡ್ರೋನು ಹಾರುತ್ತಿತ್ತು. ಮಕ್ಕಳು ಬದುವಿನ ಮೇಲೆ ಓಡುತ್ತಿದ್ದರು. ಹಿಂದಿನಿಂದ ಬಾಮೈದನ ನಗು ಕೇಳುತ್ತಿತ್ತು. ಡ್ರೋನಿನ ಕೆಳಗೆ ಬಿಳಿಯ ಹೊಗೆಯ ಥರ ಔಷಧಿ ಇಳಿಯುತ್ತಿತ್ತು. ಅದು ನೇರ ಇಳಿಯುತ್ತಿರಲಿಲ್ಲ. ಬದುವಿನ ತೆಂಗಿನ ಗರಿಗಳೆಲ್ಲ ಒಂದೇ ಕಡೆ ಬಾಗಿದ್ದವು, ಆ ಹೊಗೆಯೂ ಅದೇ ಕಡೆ ಹೋಗುತ್ತಿತ್ತು. ಆ ಕಡೆ ಕಾಣುತ್ತಿದ್ದದ್ದು ನಾನು ಬೆಳಿಗ್ಗೆ ನಿಂತಿದ್ದ ಹಿಪ್ಪುನೇರಳೆ ತೋಟ.

ಟೀ ಲೋಟ ಎಲ್ಲಿ ಇಟ್ಟೆನೋ ನೆನಪಿಲ್ಲ. ಬಾಮೈದನಿಗೆ ಫೋನು ಮಾಡಿದೆ.

"ಲೇ, ನೆನ್ನೆ ಪಕ್ಕದ ಕಬ್ಗೆ ಏನ್ಲಾ ಒಡ್ದಿದ್ದು?"

"ಅದು ಅವ್ರ ಕಬ್ಗೆ ಕಣ್ ಭಾವ. ನಮ್ ಸೊಪ್ಗೆ ಯಾಕ್ ಒಡೀತಾರೆ?"

"ಗಾಳಿ ಯಾವ್ ಕಡೆಗಿತ್ಲಾ?"

"ಯಾವನ್ಗೊತ್ತು. ನಾನು ವಿಡಿಯೋ ಮಾಡ್ತಿದ್ದೆ."

ಔಷಧಿ ಯಾವುದು ಅಂದೆ. ಗೊಬ್ಬರದ ನೀರು ಅಂತ ಒಬ್ಬ ಅಂದನಂತೆ, ಹುಳ ಸಾಯುವ ಔಷಧಿ ಅಂತ ಇನ್ನೊಬ್ಬ ಅಂದನಂತೆ. ಹಾಗೆ ಹೇಳುತ್ತಿದ್ದವನು ನಡುವೆಯೇ ನಿಂತುಹೋದ. ಆಮೇಲೆ ಸಣ್ಣ ದನಿಯಲ್ಲಿ, "ಭಾವ, ಮಗೀಗೆ ಬೇಗ ಯೋಳು" ಅಂದ.

ಮಗಳ ಹತ್ತಿರ ಫೋನಿಲ್ಲ. ಮೇಡಂ ನಂಬರು ನನ್ನ ಹತ್ತಿರ ಇರಲಿಲ್ಲ. ಶಾಲೆಗೆ ಮಾಡಿದರೆ ಯಾರೂ ಎತ್ತಲಿಲ್ಲ. ಎಳನೀರು ಲೋಡಿನ ಸಮೇತ ಆಟೋ ತಿರುಗಿಸಿದೆ. ಪಕ್ಕದಲ್ಲಿದ್ದವನು ಸಾಹುಕಾರ ಬೈಯುತ್ತಾನೆ ಅಂತ ಏನೋ ಹೇಳುತ್ತಿದ್ದ.

ಆ ದಾರಿಯಲ್ಲಿ ನಾನು ಪಟ್ಟ ಭಯವನ್ನು ಹೇಗೆ ಬರೆಯಬೇಕೋ ಗೊತ್ತಿಲ್ಲ. ನನ್ನ ಮಗಳದು ಒಂದು ತಟ್ಟೆ. ಮಿಕ್ಕ ತಟ್ಟೆಗಳು ಬೇರೆಯವರ ಮಕ್ಕಳದು. ಒಬ್ಬಳ ಅಪ್ಪ ಗಾರೆ ಕೆಲಸದವನು, ಇನ್ನೊಬ್ಬಳ ಅವ್ವ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಅವರೆಲ್ಲರೂ ನನ್ನ ಹಾಗೆ ಆ ಸಭೆಯಲ್ಲಿ ಕೂತಿದ್ದವರೇ. ನಾನು ತಂದ ಒಂದು ಗೋಣಿ ಸೊಪ್ಪಿನಿಂದ ಅಷ್ಟೂ ಮಕ್ಕಳು ಎರಡೂ ಕಡೆ ಫೇಲಾಗುತ್ತಾರೆ ಅನ್ನಿಸಿತು. ಮುಂದೆ ಒಂದು ಟ್ರ್ಯಾಕ್ಟರು ಕಬ್ಬು ತುಂಬಿಕೊಂಡು ಹೋಗುತ್ತಿತ್ತು, ಎಷ್ಟು ಹಾರ್ನ್ ಮಾಡಿದರೂ ಜಾಗ ಬಿಡಲಿಲ್ಲ. ಅಳು ಬಂದುಬಿಟ್ಟಿತ್ತು.

ಗೇಟಿನಲ್ಲಿ ವಾಚ್‌ಮನ್ ಎಳನೀರು ಗಾಡಿ ಒಳಗೆ ಯಾಕೆ ಅಂತ ತಡೆದ. ಗಾಡಿ ಅಲ್ಲೇ ಬಿಟ್ಟು ಓಡಿದೆ. ಹುಳುಮನೆ ಬಾಗಿಲಿಗೆ ಬಂದು ನಿಂತುಬಿಟ್ಟೆ. ಹೊಸ್ತಿಲಲ್ಲಿ ಸುಣ್ಣದ ಪುಡಿ ಹಾಕಿದ್ದರು. ನನ್ನ ಅಂಗಿಗೂ ಕೈಗೂ ಅದೇ ಸೊಪ್ಪು ತಾಗಿದೆ, ಒಳಗೆ ಕಾಲಿಟ್ಟರೆ ಇನ್ನೇನಾಗುತ್ತದೋ ಅನ್ನಿಸಿತು. ಬಾಗಿಲಿನ ಜಾಲರಿಗೆ ಮುಖ ಇಟ್ಟು ಮಗಳನ್ನು ಕೂಗಿದೆ.

ಅವಳು ಬಂದಳು. "ಏನಪ್ಪ, ಇಷ್ಟೊತ್ನಲ್ಲಿ?"

"ಮಗಾ, ಸೊಪ್ಪು ಆಕ್ಬುಟ್ರಾ?"

"ನನ್ ತಟ್ಟೆಗೆ ಆಕಿವ್ನಿ. ಯಾಕೆ?"

"ಬೇರೆಯವ್ರಿಗೆ?"

"ಇನ್ನೂ ಇಲ್ಲ. ತಂದವ್ರ ತಟ್ಟೆಗೇ ಮೊದ್ಲು. ಮಿಕ್ಕಿದ್ದೆಲ್ಲ ಒಂದ್ ಗಂಟೆ ಬುಟ್ಕಂಡು."

ಅದು ಆ ಮೇಡಂ ಮಾಡಿದ್ದ ಪದ್ಧತಿ. ತಂದವರ ಹುಳುವೇ ಮೊದಲು ತಿನ್ನುತ್ತದೆ ಅಂದರೆ ಮಣ್ಣು, ದೂಳು ಇರುವ ಸೊಪ್ಪನ್ನು ಯಾರೂ ತರುವುದಿಲ್ಲ ಅಂತ. ನನಗೆ ಇದು ಗೊತ್ತಿರಲಿಲ್ಲ. ಕೇಳಿದ ತಕ್ಷಣ ದೊಡ್ಡ ಉಸಿರು ಬಿಟ್ಟೆ. ಬಿಟ್ಟ ಮೇಲೆ ಗೊತ್ತಾಯಿತು, ಉಳಿದಿರುವುದು ಬೇರೆಯವರ ಮಕ್ಕಳ ಹುಳು, ಹೋಗಿರುವುದು ನನ್ನ ಮಗುವಿನದು.

ಡ್ರೋನಿನ ವಿಷಯ ಹೇಳಿದೆ. ಅವಳು ಒಳಗೆ ಓಡಿದಳು. ಮೇಡಂ ಓಡಿ ಬಂದರು. ಗೋಣಿಯನ್ನು ಎತ್ತಿಸಿ ಹೊರಗೆ ಹಾಕಿಸಿದರು, ಮಗಳ ತಟ್ಟೆಯ ಸೊಪ್ಪನ್ನೆಲ್ಲ ತೆಗೆಸಿದರು. ಜಾಲರಿಯಿಂದ ನನಗೆ ಕಾಣುತ್ತಿತ್ತು. ಕೆಲವು ಹುಳು ತಲೆ ಎತ್ತಿ ಆ ಕಡೆ ಈ ಕಡೆ ಆಡಿಸುತ್ತಿದ್ದವು. ಕೆಲವು ಬಾಯಿಂದ ಹಸಿರು ನೀರು ಬಿಟ್ಟು ಸುರುಟಿಕೊಂಡಿದ್ದವು. ಮಗಳು ಅವನ್ನು ಒಂದೊಂದಾಗಿ ಎತ್ತಿ ಬೇರೆ ಇಡುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಮೇಡಂ ಹೊರಗೆ ಬಂದಾಗ ನಾನು ಅಂಕದ ಮಾತೇ ಕೇಳಿದೆ. ನಾಚಿಕೆಯಾದರೂ ಕೇಳಿದೆ. ಅವರು ಬೈಯಲಿಲ್ಲ. "ನೀವು ಓಡಿ ಬಂದು ಹೇಳಿದ್ದರಿಂದ ಮಿಕ್ಕ ಮಕ್ಕಳದು ಉಳೀತು. ಆದರೆ ಬೇರೆಯವರ ಹುಳ ಎತ್ತಿ ಇವಳ ತಟ್ಟೆಗೆ ಹಾಕೋಕೆ ಬರಲ್ಲ. ಇವಳ ತಟ್ಟೇಲಿ ಏನು ಉಳಿಯುತ್ತೋ ಅದೇ ಇವಳದು" ಅಂದರು.

ಅಲ್ಲಿಂದ ಶಾಲೆಗೆ ಹೋದೆ. ಮಗಳನ್ನು ವಾಪಸ್ ಹಿಂದಿಗೆ ಹಾಕಿ ಅಂತ ಹೆಡ್ ಮಾಸ್ಟರನ್ನು ಬೇಡಿಕೊಂಡೆ. ವಿಷಯಗಳ ಹೆಸರು ಬೋರ್ಡಿಗೆ ಹೋಗಿ ಆಗಿದೆ, ಇನ್ನು ಬದಲಾಯಿಸಲು ಬರುವುದಿಲ್ಲ ಅಂದರು. ಕೂರಿಸಿ ನೀರು ಕೊಟ್ಟರು.

ಮಾರನೇ ದಿನದ ಹೊತ್ತಿಗೆ ತಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹುಳು ಸತ್ತಿದ್ದವು. ಉಳಿದವು ಸೊಪ್ಪಿನ ಮೇಲೆ ಸುಮ್ಮನೆ ಕೂತಿರುತ್ತಿದ್ದವು. ಮಗಳು ಬೆಳಿಗ್ಗೆ ಬೇಗ ಹೋಗುವಳು, ಸಂಜೆ ತಡವಾಗಿ ಬರುವಳು, ಮನೆಯಲ್ಲಿ ಏನು ಕೇಳಿದರೂ ಹೂಂ, ಊಹೂಂ ಅಷ್ಟೇ. ಹೆಂಡತಿ ನನ್ನನ್ನೂ ಬೈಯಲಿಲ್ಲ, ತಮ್ಮನನ್ನೂ ಬೈಯಲಿಲ್ಲ, ಅದೂ ನನಗೆ ಹೆದರಿಕೆಯೇ. ಬಾಮೈದ ಒಂದು ಸಂಜೆ ಬಂದು ಒಳಗೆ ಬರದೆ ಬಾಗಿಲಲ್ಲೇ ನಿಂತ. ಎಲ್ಲ ತನ್ನಿಂದ ಆಗಿದ್ದು, ಆ ಹಾಳು ವಿಡಿಯೋ ಈಗಲೇ ಅಳಿಸಿಹಾಕುತ್ತೇನೆ ಅಂದ.

ಆಗ ಮಗಳು ಬಾಯಿ ಬಿಟ್ಟಳು. "ಅಳಿಸ್ಬ್ಯಾಡ ಮಾವ. ಅಪ್ಪನ್ ಫೋನ್ಗೆ ಕಳ್ಸು. ಗಾಳಿ ಯಾವ್ ಕಡೆಗಿತ್ತು ಅಂತ ಅದ್ರಲ್ಲೇ ಕಾಣೋದು."

ನನ್ನ ಫೋನು ತೆಗೆದುಕೊಂಡು ಹೋಗಿ ಅದನ್ನು ಮೇಡಂಗೆ ತೋರಿಸಿ, ಅವರ ಫೋನಿಗೂ ಕಳಿಸಿದಳಂತೆ. ರೆಕಾರ್ಡು ಬುಕ್ಕಿನಲ್ಲಿ ಏನೇನೋ ಚಿತ್ರ ಬರೆದಳು, ಕಬ್ಬು ಎಲ್ಲಿ, ಸೊಪ್ಪು ಎಲ್ಲಿ, ಎಷ್ಟು ದೂರ ಅಂತ. ನನಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಚಿತ್ರ ಗೂಡು ಕಟ್ಟುತ್ತದೆಯೇ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಉಳಿದ ಹುಳು ನಿಧಾನಕ್ಕೆ ತಿನ್ನಲು ಶುರು ಮಾಡಿದವು. ಬೇರೆಯವರ ಹುಳು ತಿನ್ನುವುದು ಬಿಟ್ಟು ಹಣ್ಣಾಗಿ, ಗೂಡು ಕಟ್ಟಲು ಇಡುವ ಬಿದಿರಿನ ಚಂದ್ರಂಕಿಗೆ ಹತ್ತಿದ ಮೇಲೆ, ತಡವಾಗಿ ಇವಳವೂ ಹತ್ತಿದವು. ಮೇಡಂ ನನ್ನನ್ನು ಕರೆದು ತೋರಿಸಿದರು. ಬೇರೆ ಮಕ್ಕಳ ಚಂದ್ರಂಕಿ ತುಂಬ ಬಿಳಿ ಗೂಡು. ನಮ್ಮದರಲ್ಲಿ ಅಲ್ಲೊಂದು ಇಲ್ಲೊಂದು, ಕೆಲವು ತೆಳ್ಳಗೆ, ಒಳಗಿರುವ ಹುಳು ಕಾಣುವಷ್ಟು.

ಪರೀಕ್ಷೆಗೆ ಮಂಡ್ಯದಿಂದ ಒಬ್ಬರು ಬಂದರು. ಅವತ್ತು ನಾನು ಬಾಡಿಗೆಗೆ ಹೋಗಲಿಲ್ಲ. ಕಾಲೇಜಿನ ಎದುರು ಹೊಂಗೆ ಮರದ ಕೆಳಗೆ ಆಟೋ ಹಾಕಿಕೊಂಡು ಕೂತಿದ್ದೆ. ಒಂದೊಂದೇ ಮಗು ಹೊರಗೆ ಬಂದು ಐಸ್ ಕ್ಯಾಂಡಿ ತಿನ್ನುತ್ತಾ ಹೋಯಿತು. ನನ್ನ ಮಗಳು ಎಲ್ಲರಿಗಿಂತ ಕೊನೆಗೆ ಬಂದಳು. ಮುಖ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಬಂದು ಆಟೋದಲ್ಲಿ ಕೂತಳು.

"ಏನ್ ಕೇಳುದ್ರವ್ವ?" ಅಂದೆ.

"ಇಷ್ಟೇನಾ ಗೂಡು ಅಂದ್ರು. ಅವ್ದು ಅಂದೆ. ಯಾಕೆ ಅಂದ್ರು. ಎಲ್ಲ ಯೋಳ್ದೆ. ಮೇಡಂ ಫೋನಲ್ಲಿ ವಿಡಿಯೋ ತೋರ್ಸ್ದೆ."

"ನಮ್ಮಪ್ಪ ತಂದ ಸೊಪ್ಪು ಅಂತ ಯೋಳ್ಬೇಕಾಗಿತ್ತು ಕಣವ್ವ. ನಿಂದೇನ್ ತಪ್ಪೈತೆ ಅದ್ರಲ್ಲಿ?"

ಅವಳು ನನ್ನ ಕಡೆ ತಿರುಗಿದಳು. "ಆಕಿದ್ದು ನಾನಲ್ವಾ ಅಪ್ಪ? ಆಕೋಕ್ ಮುಂಚೆ, ಪಕ್ಕದಲ್ಲಿ ಏನಾರ ಒಡುದ್ರಾ ಅಂತ ಒಂದ್ ಮಾತು ಕೇಳ್ಬೇಕಿತ್ತು. ಅದನ್ನೇ ಯೋಳ್ದೆ."

ನಾನು ಗಾಡಿ ಸ್ಟಾರ್ಟ್ ಮಾಡಲಿಲ್ಲ. ಇಳಿದು ಹೋಗಿ ಅವಳಿಗೂ ಒಂದು ಐಸ್ ಕ್ಯಾಂಡಿ ತಂದುಕೊಟ್ಟೆ.

ಫಲಿತಾಂಶ ಬರುವವರೆಗೂ ನಾನು ಸರಿಯಾಗಿ ಊಟ ಮಾಡಿದವನಲ್ಲ. ಬಂದ ದಿನ ಹೆಡ್ ಮಾಸ್ಟರೇ ಫೋನು ಮಾಡಿದರು. ಗೂಡಿಗೆ ಸಿಕ್ಕ ಅಂಕ ತೀರಾ ಕಮ್ಮಿ. ಬಾಯಲ್ಲಿ ಕೇಳಿದ ಪ್ರಶ್ನೆಗೂ ಆ ಚಿತ್ರಗಳಿಗೂ ಸಿಕ್ಕ ಅಂಕ ಸೇರಿ ಅಂಚಿನಲ್ಲಿ ಪಾಸು. ಎರಡೂ ಕಡೆ. ಮನೆಯಲ್ಲಿ ಹೆಂಡತಿ ಅವತ್ತು ಪಾಯಸ ಮಾಡಿದಳು. ನಾನು ತಿಂದೆ, ಆದರೆ ಒಳಗಿನ ನಡುಕ ಹೋಗಿರಲಿಲ್ಲ.

ಈಗಲೂ ಹೋಗಿಲ್ಲ. ಹೈಸ್ಕೂಲಿನಿಂದ ಈ ವರ್ಷವೂ ಮಕ್ಕಳು ಕಾಲೇಜಿಗೆ ಹೋಗುತ್ತಿದ್ದಾರೆ. ಸ್ಟ್ಯಾಂಡಿನಲ್ಲಿ ಒಬ್ಬ ಡ್ರೈವರು, ನನ್ನ ಮಗನನ್ನು ಕಳಿಸಲಾ ಬೇಡವಾ ಅಂತ ಕೇಳಿದ. ಕಳಿಸು ಅಂದೆ. ಅಂದವನು ಆ ಸಂಜೆಯೆಲ್ಲ ಒದ್ದಾಡಿದೆ, ಯಾಕೆ ಹೇಳಿದೆನೋ ಅಂತ. ನನ್ನ ಮಗಳು ಹೆದರುವುದಿಲ್ಲ, ನಾನು ಹೆದರುತ್ತೇನೆ. ಶಾಲೆಯ ಯೂನಿಫಾರಂನಲ್ಲೇ ಕಾಲೇಜಿನ ಪಾಠಕ್ಕೆ ಹೋದ ಮಕ್ಕಳು ನಿಮ್ಮ ಮನೆಯಲ್ಲೂ ಇದ್ದರೆ, ಹೊರಗೆ ನಿಂತು ಕಾದ ಆ ಹೊತ್ತನ್ನು ನೀವು ಹೇಗೆ ಕಳೆದಿರಿ, ಎರಡು ಸಾಲಾದರೂ ಬರೆಯಿರಿ. ನಾನು ನಿಧಾನವಾಗಿಯಾದರೂ ಎಲ್ಲವನ್ನೂ ಓದುತ್ತೇನೆ.