ತಟ್ಟೆ ತಿರುಗಿಸುವ ಅಕ್ಕ

ನನ್ನ ಮಗಳು ಮೊದಲು ಯಾರನ್ನು ನೋಡಿ ಅಮ್ಮ ಎನ್ನುತ್ತಾಳೋ ಎಂಬ ಚಿಂತೆ ತಲೆಯೊಳಗೆ ಹೊಕ್ಕು ಕುಳಿತಿದೆ. ಹಾಲು ಕಾಯಿಸುವಾಗಲೂ ಅದೇ, ಬಟ್ಟೆ ಒಣಗಹಾಕುವಾಗಲೂ ಅದೇ. ಗಂಡನಿಗೆ ಹೇಳಿಕೊಂಡರೆ, "ಅವಳಿನ್ನೂ ಬ್ಬ ಬ್ಬ ಅಂತಾಳೆ ಅಷ್ಟೇ. ಅದು ನೀನೋ ಬಾಟ್ಲೋ ಯಾರಿಗೆ ಗೊತ್ತು?" ಎಂದು ನಗುತ್ತಾರೆ. ಅವರಿಗೇನು, ನಗಬಹುದು. ಪುಟ್ಟಿ ಅಳು ನಿಲ್ಲಿಸುವುದು ನನ್ನ ಅಕ್ಕನ ಹೆಗಲ ಮೇಲೆ ಮಾತ್ರ.

ಅಕ್ಕ ಕ್ಲಬ್ಬಿನಲ್ಲಿ ರೆಕಾರ್ಡು ಹಾಕುವವಳು. ಓದು ಮುಗಿದ ಮೇಲೆ ಒಂದು ಹೋಟೆಲಿನ ನೆಲಮಾಳಿಗೆಯ ಡ್ಯಾನ್ಸ್ ಕ್ಲಬ್ಬಿಗೆ ಸೇರಿದಳು. ಬಂದವರ ಕೋಟು, ಬ್ಯಾಗು ಇಟ್ಟುಕೊಂಡು ಚೀಟಿ ಕೊಡುವ ಕೆಲಸ. ಕೈ ಬಿಡುವಾದಾಗಲೆಲ್ಲ ಹೋಗಿ ಡಿಜೆಯ ಬೆನ್ನ ಹಿಂದೆ ನಿಲ್ಲುತ್ತಿದ್ದಳಂತೆ. ಆತ ಊರು ಬಿಟ್ಟಾಗ ಆ ಜಾಗ ಇವಳಿಗೇ ಬಂತು. ಅಪ್ಪ ಸಿಡಿದು ಬಿದ್ದರು. "ಇಷ್ಟು ಓದ್ಸಿದ್ದು ತಟ್ಟೆ ತಿರುಗ್ಸೋಕಾ?"

"ತೊಳೆಯೋದಕ್ಕಿಂತ ತಿರುಗ್ಸೋದು ವಾಸಿ ಅಲ್ವಾಪ್ಪಾ?"

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ನಾನು ಪುಸ್ತಕ ಹಿಡಿದು ಕುಳಿತಿದ್ದೆ. ಹಾಗೆ ಉತ್ತರ ಕೊಡುವುದು ನನಗೆ ಅಂದೂ ಬರಲಿಲ್ಲ, ಇಂದೂ ಬರುವುದಿಲ್ಲ.

ಅವಳ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ಎರಡು ತಟ್ಟೆಗಳು. ಒಂದರ ಹಾಡು ಕ್ಲಬ್ಬಿಗೆಲ್ಲ ಕೇಳುತ್ತಿರುತ್ತದೆ, ಇನ್ನೊಂದರದು ಹೆಡ್‌ಫೋನಿನಲ್ಲಿ, ಅವಳ ಒಂದೇ ಕಿವಿಗೆ. ಆ ಎರಡನೆಯ ರೆಕಾರ್ಡಿನ ಅಂಚಿಗೆ ಬೆರಳು ತಾಗಿಸಿ ಒಮ್ಮೆ ತಡೆಯುತ್ತಾಳೆ, ಒಮ್ಮೆ ಚೂರು ನೂಕುತ್ತಾಳೆ. ಎರಡರ ತಾಳವೂ ಕೂಡಿದ ಮೇಲೆ ಮೆಲ್ಲಗೆ ಇದರಿಂದ ಅದಕ್ಕೆ ದಾಟಿಸುತ್ತಾಳೆ. ಹಾಡು ಬದಲಾದದ್ದು ಕುಣಿಯುವವರ ಕಾಲಿಗೆ ಗೊತ್ತಾಗಬಾರದು.

ಪುಟ್ಟಿಯನ್ನು ಮಲಗಿಸುವುದೂ ಹೀಗೆಯೇ. ಅಳುವ ಮಗುವನ್ನು ನಾವೆಲ್ಲ ನಿಧಾನವಾಗಿ ತೂಗುತ್ತೇವೆ. ಅಕ್ಕ ಮೊದಲು ಅಳುವಿನಷ್ಟೇ ಜೋರಾಗಿ ಕುಲುಕುತ್ತಾಳೆ. ಅಳುವೂ ಕುಲುಕಾಟವೂ ಒಂದೇ ತಾಳಕ್ಕೆ ಬಂದ ಮೇಲೆ ತಾನು ಚೂರು ಚೂರೇ ನಿಧಾನವಾಗುತ್ತಾಳೆ. ಅಳು ಅವಳ ಹಿಂದೆಯೇ ಇಳಿದು, ಬಿಕ್ಕಾಗಿ, ಉಸಿರಾಗಿ ನಿದ್ದೆಗೆ ಜಾರುತ್ತದೆ. ನಾನೂ ಮಾಡಿ ನೋಡಿದೆ. ಪುಟ್ಟಿ ಕೆಂಪಗಾಗಿ ಕಿರುಚಿದಳು.

"ಅವಸರ ಮಾಡ್ದೆ ಕಣೇ. ತಾಳ ಬಿಟ್ಟೋಯ್ತು. ಕೊಡು ಇಲ್ಲಿ," ಎಂದು ಅಕ್ಕ ಕೈ ಚಾಚಿದಳು. ಕೊಟ್ಟೆ.

ಈ ನಡುವೆ ಕ್ಲಬ್ಬು ಹೊಸ ರೂಪ ತಾಳಿತು. ನೋಡಿ ಬರೋಣವೆಂದು ಒಂದು ಮಧ್ಯಾಹ್ನ ಅಕ್ಕನೂ ನಾನೂ ಪುಟ್ಟಿಯನ್ನು ಎತ್ತಿಕೊಂಡು ಹೋದೆವು. ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಿದ್ದರು, ನೆಲ ಒರೆಸಿದ ಫಿನಾಯಿಲ್ ವಾಸನೆ. ಅಕ್ಕನ ಜಾಗದಲ್ಲಿ ದೀಪ ಮಿನುಗುವ ಕಪ್ಪು ಪೆಟ್ಟಿಗೆ ಕುಳಿತಿತ್ತು. ಒಂದು ಬಟನ್ ಒತ್ತಿದರೆ ತಾಳ ತಾನಾಗಿ ಕೂಡುತ್ತದಂತೆ. ತಟ್ಟೆಗಳು ಇನ್ನೂ ಅಲ್ಲೇ ಇದ್ದವು, ಆದರೆ ಸೂಜಿಯ ಕಡ್ಡಿಗಳನ್ನು ಟೇಪು ಸುತ್ತಿ ಕಟ್ಟಿಬಿಟ್ಟಿದ್ದರು.

ಮ್ಯಾನೇಜರ್ ಕೈ ಉಜ್ಜಿಕೊಂಡರು. "ಪ್ಲೇಟು ಸುಮ್ನೆ ತಿರುಗ್ತಾ ಇರ್ಲಿ ಮೇಡಂ, ನೋಡೋಕೆ ಚೆನ್ನಾಗಿರುತ್ತೆ. ಹಾಡು ಪೆನ್‌ಡ್ರೈವಿಂದ ಬರುತ್ತೆ. ನೀವು ಹಿಂದೆ ನಿಂತು ಕೈ ಆಡ್ಸಿದ್ರೆ ಸಾಕು."

"ಕೈ ಆಡ್ಸೋಕೆ ನಾನ್ಯಾಕೆ ಸರ್? ಒಂದು ಟೇಬಲ್ ಫ್ಯಾನ್ ಇಡಿ. ಗಾಳೀನೂ ಬರುತ್ತೆ."

ಅಲ್ಲಿಗೆ ಮುಗಿಯಿತು. ರೆಕಾರ್ಡಿನ ಪೆಟ್ಟಿಗೆಗಳನ್ನು ಆಟೋದಲ್ಲಿ ಹಾಕಿಕೊಂಡು ಅವಳ ಮನೆಗೆ ಹೋದೆವು. ದಾರಿಯಲ್ಲಿ ಅವಳೇ ಹೇಳಿದಳು, "ಒಳ್ಳೇದೇ ಆಯ್ತು ಬಿಡೇ. ನಿನ್ನ ಹೆರಿಗೆ ರಜೆ ಮುಗೀತಾ ಬಂತಲ್ಲ? ನೀನು ಆಫೀಸಿಗೆ ಹೋಗು, ಪುಟ್ಟೀನ ನಾನು ನೋಡ್ಕೋತೀನಿ."

ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿಯುತ್ತಿದ್ದರು. ನಾನು ಹೂಂ ಅಂದೆ. ದಿನವಿಡೀ ಅವಳ ಹೆಗಲ ಮೇಲೆ ನನ್ನ ಮಗು. ಸಂಜೆ ಬಾಗಿಲು ತೆಗೆದು ಒಳಗೆ ಬರುವ ನೆಂಟಳು ನಾನು.

ಮರುದಿನದಿಂದಲೇ ನಮ್ಮಲ್ಲಿಗೆ ಬರತೊಡಗಿದಳು. ತನ್ನ ಮನೆಯಲ್ಲಿ ಹಾಡು ಹಾಕುವುದಿಲ್ಲವೇ ಎಂದು ಕೇಳಿದೆ. "ಒಬ್ಬಳೇ ಕೇಳೋಕೆ ಎರಡು ತಟ್ಟೆ ಯಾಕೆ?" ಎಂದು ಪುಟ್ಟಿಯ ಮೂಗು ಒರೆಸಿದಳು. ನಗಲಿಲ್ಲ.

ಆ ವಾರವೇ ಗಂಡ ಒಂದು ಸುದ್ದಿ ತಂದರು. ಅವರ ಆಫೀಸಿನ ಹಿಂದಿನ ಬೀದಿಯಲ್ಲಿ ಯಾರೋ ಚಿಕ್ಕ ಕ್ಲಬ್ಬು ತೆರೆದಿದ್ದಾರೆ, ಅಲ್ಲಿ ರೆಕಾರ್ಡು ಮಾತ್ರ. "ಕೆಲಸ ಕೇಳ್ಕೊಂಡು ಬಂದೋರೆಲ್ಲ ಬಟನ್ ಎಲ್ಲಿ ಅಂತ ಹುಡುಕ್ತಾರಂತೆ. ಕಿವೀಲೇ ತಾಳ ಕೂಡ್ಸೋರು ಬೇಕಂತೆ. ನಂಬರ್ ತಂದಿದೀನಿ. ಆದ್ರೆ ಯೋಚ್ನೆ ಮಾಡು. ರಾತ್ರಿಯೆಲ್ಲ ಅಲ್ಲಿ ನಿಂತೋರು ಹಗಲು ಮಲಗಬೇಡ್ವಾ? ಪುಟ್ಟೀನ ಯಾರು ನೋಡ್ತಾರೆ?"

ನಂಬರ್ ನನ್ನ ಫೋನಿನಲ್ಲೇ ಉಳಿಯಿತು. ಫೋನು ಮಾಡಿದರೆ ಮಗುವನ್ನು ಗುರುತಿಲ್ಲದವರ ಬೇಬಿ ಸಿಟ್ಟಿಂಗಿಗೆ ಬಿಡಬೇಕು, ಇಲ್ಲವೇ ಕೆಲಸ ಬಿಟ್ಟು ಕೂರಬೇಕು. ಮಾಡದಿದ್ದರೆ ಅಕ್ಕ ಇಲ್ಲೇ. ಎರಡೂ ಕಡೆ ನನಗೆ ಭಯ.

ಇವತ್ತು ಬೆಳಿಗ್ಗೆ ಅಕ್ಕ ಪುಟ್ಟಿಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಮಾತು ಕಲಿಸುತ್ತಿದ್ದಳು. "ದೊಡ್ಡಮ್ಮ ಅನ್ನು. ದೊಡ್ಡ... ಅಮ್ಮ. ದೊಡ್ಡ..."

ಪುಟ್ಟಿ ಅವಳ ಕೆನ್ನೆ ಹಿಡಿದು, ಕಣ್ಣಿಗೆ ಕಣ್ಣಿಟ್ಟು, ಸ್ಪಷ್ಟವಾಗಿ "ಅಮ್ಮ" ಎಂದಳು.

"ಅಯ್ಯೋ ಕಳ್ಳೀ, ದೊಡ್ಡ ಎಲ್ಲಿ ನುಂಗ್ದೆ?" ಅಕ್ಕ ಹೊರಳಾಡಿ ನಕ್ಕಳು. "ಕೇಳ್ದೇನೇ?"

ಕೇಳಿದೆ. ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಆ ನಂಬರಿಗೆ ಫೋನು ಮಾಡಿದೆ. ಯಾರೋ ಗಂಡಸು ಎತ್ತಿದರು.

"ರೆಕಾರ್ಡು ಹಾಕೋರು ಬೇಕು ಅಂದಿದ್ರಂತೆ. ನಮ್ಮಕ್ಕ ಇದಾಳೆ. ಅವಳಷ್ಟು ಚೆನ್ನಾಗಿ ಹಾಕೋರು ನಿಮಗೆ ಸಿಗಲ್ಲ." ಈ ಮಾತು ನಿಜ.

"ಈಗೇನು ಮಾಡ್ಕೊಂಡಿದಾರೆ ಅವರು?"

ಒಳಗಿನಿಂದ ಪುಟ್ಟಿಯ ಕೇಕೆ, ಅದರ ತಾಳಕ್ಕೆ ಸರಿಯಾಗಿ ಅಕ್ಕನ ಚಪ್ಪಾಳೆ.

"ಏನೂ ಇಲ್ಲ ಸರ್," ಎಂದೆ. "ಸುಮ್ನೆ ಮನೇಲಿದಾಳೆ. ಇವತ್ತೇ ಕಳಿಸ್ಲಾ?"