ಆಷಾಢಕ್ಕೆ ಮುಂಚೆ ಹುಮಾಯೂನನ ಗೋರಿ

ದೆಹಲಿಗೆ ಮೆಟ್ರೋ ಹೊಸದಾಗಿ ಬಂದಿದ್ದ ದಿನಗಳು. ನನಗೆ ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಘಾಜಿಯಾಬಾದಿನ ಪುಟ್ಟ ಫ್ಲ್ಯಾಟಿನಲ್ಲಿ ಗಂಡ, ಅವರ ಅಣ್ಣ, ಅಣ್ಣನ ಹೆಂಡತಿ ಇವರ ನಡುವೆ ಮುಖ ಊದಿಸಿಕೊಂಡು ಓಡಾಡುತ್ತಿದ್ದೆ.

ಮುನಿಸಿಗೆ ಕಾರಣವಿತ್ತು. ಹೆಣ್ಣು ನೋಡಲು ಬಂದವರು ನನ್ನ ನಕ್ಷತ್ರ ಕೇಳಿದರು, ಎತ್ತರ ಕೇಳಿದರು, ಹೋಳಿಗೆ ತಟ್ಟಲು ಬರುತ್ತದೆಯೇ ಎಂದು ಕೇಳಿದರು. ನಿನಗೆ ಒಪ್ಪಿಗೆಯೇ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಹುಡುಗ ಕೇಂದ್ರ ಸರ್ಕಾರದ ಗುಮಾಸ್ತ, ಪಕ್ಕಾ ನೌಕರಿ ಎಂದು ಅಪ್ಪ ಕುಣಿದುಬಿಟ್ಟರು. ಅದಕ್ಕೇ ನಾನು ಗುಟ್ಟಾಗಿ ಒಂದು ನಿರ್ಧಾರ ಮಾಡಿದ್ದೆ. ಆಷಾಢಕ್ಕೆ ಹೊಸ ಸೊಸೆ ಹೇಗೂ ತವರಿಗೆ ಹೋಗಬೇಕಲ್ಲ, ಹೋದವಳು ಅಲ್ಲೇ ಉಳಿದುಬಿಡುವುದು. ಊರಿನ ಶಾಲೆಯಲ್ಲಿ ನನ್ನ ಟೀಚರ್ ಕೆಲಸಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿರಲಿಲ್ಲ. ಗಂಡ ಕೆಟ್ಟವರೇನಲ್ಲ. ಆದರೆ ಏನು ಹೇಳಿದರೂ ಫೈಲಿನ ಮೇಲೆ ಷರಾ ಬರೆದಂತೆ ‘ಆಗಲಿ’, ‘ನೋಡೋಣ’ ಎನ್ನುತ್ತಿದ್ದರು.

ನಾನು ಹೊರಡುವ ಮುಂಚಿನ ಭಾನುವಾರ ಅವರೇ ಬಾಯಿಬಿಟ್ಟರು. “ಹುಮಾಯೂನ್ ಗೋರಿ ನೋಡ್ಕೊಂಡು ಬರೋಣ್ವಾ?”

ನಾನು ಅಕ್ಕ ಎನ್ನುತ್ತಿದ್ದ ಅಣ್ಣನ ಹೆಂಡತಿ ಒಗ್ಗರಣೆ ಸೌಟು ಹಿಡಿದೇ ಈಚೆ ಬಂದರು. “ಹೊಸ ಮದುವೆಯವರು ಗೋರಿ ನೋಡೋಕೆ ಹೋಗ್ತಾರೇನಪ್ಪಾ? ಚಲೋ, ಒಂದು ಐಸ್‌ಕ್ರೀಮಾದ್ರೂ ಕೊಡಿಸು ಅವಳಿಗೆ.”

ಬಿಸಿಲಿಗೆ ನೆತ್ತಿ ದೋಸೆ ಹಂಚಿನಂತೆ ಕಾದಿತ್ತು. ಗೊಣಗುತ್ತಲೇ ಅವರ ಜೊತೆ ಗೋರಿಯ ಹೆಬ್ಬಾಗಿಲಿನ ಕಮಾನು ದಾಟಿದೆ. ಎದುರಿಗೆ ನಿಂತಿತ್ತು ಅದು. ಕೆಂಪು ಕಲ್ಲಿನ ಮೈ, ಮೇಲೆ ಬಿಳಿ ಅಮೃತಶಿಲೆಯ ಗುಮ್ಮಟ. ಗೊಣಗಾಟ ಗಂಟಲಲ್ಲೇ ಉಳಿಯಿತು. ಹತ್ತಿರ ಹೋದಷ್ಟೂ ಕಟ್ಟಡ ಬೆಳೆಯುತ್ತಲೇ ಇತ್ತು. ದುಪಟ್ಟಾ ಸೊಂಟಕ್ಕೆ ಸಿಗಿಸಿಕೊಂಡು ಕಡಿದಾದ ಮೆಟ್ಟಿಲು ಹತ್ತಿ ಜಗಲಿಯ ಮೇಲೆ ನಿಂತೆ, ಕತ್ತೆತ್ತಿದೆ. ಗಿಳಿಗಳು ಕಿರುಚುತ್ತಾ ಹಾರಿದವು, ಮೋಡ ಸರಿಯಿತು, ಗುಮ್ಮಟವೇ ತೇಲಿ ಹೊರಟಂತಾಗಿ ನನ್ನ ತಲೆ ಗಿರ್ರೆಂದು ಸುತ್ತಿತು. ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡೆ. ಅದು ಅವರ ತೋಳು. ನಗು ಬಂತು, ಬಂದದ್ದು ನಿಲ್ಲಲಿಲ್ಲ. ಅಷ್ಟು ಖುಷಿಯಾಗಿತ್ತು ನನಗೆ. ಖುಷಿಯಾದರೆ ನನ್ನ ಬಾಯಿಗೆ ಬೀಗವಿರುವುದಿಲ್ಲ.

“ಯಾರ್ರೀ ಕಟ್ಟಿಸಿದ್ದು ಇದನ್ನ?”

“ಅವನ ಹೆಂಡತಿಯಂತೆ.”

“ಅಬ್ಬಾ! ಯಾವ ಯುದ್ಧದಲ್ಲಿ ಸತ್ತ ಅವನು?”

“ಯುದ್ಧ ಎಲ್ಲಿ ಬಂತು? ಮೆಟ್ಟಿಲು ಜಾರಿ ಬಿದ್ದು ಸತ್ತಿದ್ದು.”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. “ಮೆಟ್ಟಿಲು ಜಾರಿದವನಿಗೆ ಇಷ್ಟೊಂದು ಮಾಡ್ಬೇಕಾದ್ರೆ ಅವಳಿಗೆ ಅವನು ಒಪ್ಪಿಗೆಯಾಗಿದ್ದ ಅಂತಾಯ್ತು. ಅವಳನ್ನ ಯಾರೋ ಕೇಳಿರ್ಬೇಕು ಕಣ್ರೀ. ನನ್ನನ್ನ ಯಾರೂ ಕೇಳ್ಲೇ ಇಲ್ಲ.”

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ತೋಳು ಬಿಡಿಸಿಕೊಳ್ಳಲಿಲ್ಲ. ಹತ್ತಿರದ ನಿಜಾಮುದ್ದೀನ್ ಸ್ಟೇಷನ್ನಿನಿಂದ ರೈಲು ಕೂಗಿತು. ತವರಿನ ರೈಲು ನಾನು ಹತ್ತಬೇಕಾದದ್ದೂ ಅಲ್ಲಿಂದಲೇ.

ಅಷ್ಟರಲ್ಲಿ ಸೀಟಿ ಊದುತ್ತಾ ಕಾವಲಿನವನು ಬಂದ. ಆ ಕಡೆಯ ಹೊಸ ಸೊಸೆಯರಂತೆ ನನಗೆ ಬೈತಲೆಯಲ್ಲಿ ಸಿಂಧೂರವಿಲ್ಲ, ಮೊಣಕೈವರೆಗೆ ಕೆಂಪು ಬಳೆಯಿಲ್ಲ. ಕರಿಮಣಿ ದುಪಟ್ಟಾದೊಳಗೆ, ಕಾಲುಂಗುರ ಶೂ ಒಳಗೆ. ಮನೆಯವರ ಕಣ್ಣು ತಪ್ಪಿಸಿ ಬಂದ ಪ್ರೇಮಿಗಳೆಂದೇ ಅವನು ತಿಳಿದ. ಜಾತಕ ಕೂಡಿಸಿ ಮಾಡಿದ ಮದುವೆಗೆ ಇಂಥ ಮರ್ಯಾದೆ! ನಾನು ಒಳಗೊಳಗೇ ಹಿಗ್ಗಿದೆ.

“ಶಾದೀ ಹುಯೀ ಹೈ?” ಮದುವೆಯಾಗಿದೆಯಾ ಎಂದು ಗದರಿದ.

ನಾನು ಕರಿಮಣಿ ಎಳೆದು ತೋರಿಸಬೇಕು, ಅಷ್ಟರಲ್ಲಿ ನಮ್ಮ ಗುಮಾಸ್ತರು, “ಅಭೀ ನಹೀಂ, ಭಯ್ಯಾ,” ಎಂದುಬಿಟ್ಟರು. ಇನ್ನೂ ಇಲ್ಲವಂತೆ! ಕೇಳುವುದಕ್ಕೆಂದೇ ಇವತ್ತು ಕರೆದುಕೊಂಡು ಬಂದಿದ್ದೇನೆ, ಧೈರ್ಯ ಸಾಲುತ್ತಿಲ್ಲ ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದರು. ಕಾವಲಿನವನ ಮೀಸೆ ಅರಳಿತು.

“ಅಚ್ಛಾ? ತೋ ಪೂಛೋ!” ಕೇಳು ಮತ್ತೆ ಎಂದು ಲಾಠಿ ಊರಿಕೊಂಡು ಅಲ್ಲೇ ನಿಂತ.

ಅವರ ಕಿವಿ ಕೆಂಪಾಗಿತ್ತು. ನನ್ನ ಕಡೆ ತಿರುಗಿ ಕನ್ನಡದಲ್ಲಿ ಮೆಲ್ಲಗೆ ಹೇಳಿದರು. “ಆಗ ನಾನೂ ಕೇಳ್ಲಿಲ್ಲ. ಈಗ ಕೇಳ್ತಿದ್ದೀನಿ. ಆಷಾಢ ಮುಗಿದ್ಮೇಲೆ ವಾಪಸ್ ಬರ್ತೀರಾ? ಬರಲ್ಲ ಅಂದ್ರೂ ರೈಲು ಹತ್ತಿಸೋಕೆ ನಾನೇ ಬರ್ತೀನಿ.”

ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಆದರೆ ಇಷ್ಟು ಕಾದು ಸಿಕ್ಕ ಪ್ರಶ್ನೆಯನ್ನು ಅಷ್ಟು ಬೇಗ ಮುಗಿಸಿಬಿಡುವುದೇ?

“ಯೋಚ್ನೆ ಮಾಡಿ ಹೇಳ್ತೀನಿ,” ಎಂದು ಗತ್ತಿನಿಂದ ಗೋರಿಯನ್ನು ಸುತ್ತಲು ಹೊರಟೆ. ಅವರು ಹಿಂದೆ ಬಂದರು. ಕಾವಲಿನವನಿಗೆ ಕಾಣದ ಹಿಂಬದಿ ತಲುಪಿದ ಮೇಲೆ, “ಹೂಂ, ಬರ್ತೀನಿ,” ಎಂದೆ.