ಒಂದೇ ಮುದ್ದೆ

ಇಪ್ಪತ್ತಾರು ವರ್ಷ ಮಂಡಿಯಲ್ಲಿ ಕೊಬ್ಬರಿ ತೂಗಿದವನಿಗೆ ಒಂದು ಗುಣ ಬಂದುಬಿಡುತ್ತದೆ. ಅವನು ಯಾರನ್ನೂ ನಂಬುವುದಿಲ್ಲ. ಚೀಲ ತಂದವನು ಹಸಿ ಕೊಬ್ಬರಿಯನ್ನು ತಳಕ್ಕೆ ಹಾಕಿದ್ದಾನೆಂದು ಅನುಮಾನ, ಸಾಹುಕಾರರು ಮಷೀನಿಗೆ ಏನೋ ಮಾಡಿಸಿದ್ದಾರೆಂದು ಅನುಮಾನ. ಹೊಸದುರ್ಗದಲ್ಲಿ ನನ್ನ ಕೆಲಸವೇ ಚೀಲ ಇಡಿಸಿ ಅಂಕಿ ಕೂಗುವುದು. ಹಾಗಾಗಿ ನನ್ನ ಮೈತೂಕ ತೊಂಬತ್ತೊಂದರಿಂದ ಎಪ್ಪತ್ತನಾಲ್ಕಕ್ಕೆ ಇಳಿದ ದಿನ ನಾನು ಮೊದಲು ಮಷೀನನ್ನೇ ಅನುಮಾನಿಸಿದೆ. ಇಪ್ಪತ್ತು ಕೆ.ಜಿ.ಯ ತೂಕದ ಕಲ್ಲು ಇಟ್ಟು ನೋಡಿದೆ. ಸರಿಯಾಗೇ ಇತ್ತು.

ತೂಕ ಇಳಿಸಿದ್ದು ಶೋಕಿಗಲ್ಲ. ನನಗೆ ಶುಗರ್ ಬಂದಿತ್ತು. ಅಣ್ಣ ಮಾತ್ರೆಯಿಂದ ಸೂಜಿಗೆ, ಸೂಜಿಯಿಂದ ಕಾಲಿನ ಹುಣ್ಣಿಗೆ ಹೋದದ್ದನ್ನು ಕಣ್ಣಾರೆ ನೋಡಿ ಹೆದರಿದ್ದೆ. ಎಪ್ಪತ್ತನಾಲ್ಕಕ್ಕೆ ಇಳಿಯಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದ ಚಿತ್ರದುರ್ಗದ ಡಾಕ್ಟರು, ಅಲ್ಲಿಗೆ ಮುಟ್ಟಿದ ಮೇಲೆ ಹೊಸ ಮಾತು ತೆಗೆದರು. “ಇಳಿಸೋದು ದೊಡ್ಡದಲ್ಲ. ಒಂದು ವರ್ಷ ಇಲ್ಲೇ ನಿಲ್ಲಿಸ್ರಿ, ಆಮೇಲೆ ಮಾತ್ರೆ ಬಿಡ್ಸಿ ನೋಡಾಣ” ಎಂದರು. ಆ ಒಂದು ವರ್ಷ ನನಗೆ ವ್ರತವಾಯಿತು. ಬೆಳಗ್ಗೆ ನಡಿಗೆ. ಅನ್ನ ಬಿಟ್ಟೆ. ಮಂಡಿಯಲ್ಲಿ ಬಾಯಿಗೆ ಹಾಕಿಕೊಳ್ಳುತ್ತಿದ್ದ ಕೊಬ್ಬರಿ ಚೂರನ್ನೂ ಬಿಟ್ಟೆ. ಹೊತ್ತಿಗೆ ಒಂದೇ ಮುದ್ದೆ. ಎರಡನೆಯದಕ್ಕೆ ತಟ್ಟೆ ಒಡ್ಡಲಿಲ್ಲ.

ಜನ ಸುಮ್ಮನಿರುತ್ತಾರೆಯೇ? ಹೊಳಲ್ಕೆರೆಯ ಮದುವೆಯೊಂದರಲ್ಲಿ ದೂರದ ಸಂಬಂಧಿಯೊಬ್ಬರು ನನ್ನನ್ನು ಮೂಲೆಗೆ ಕರೆದು, “ಏನಪ್ಪ, ಡಾಕ್ಟ್ರು ಏನಂದ್ರು? ನಮ್ಮ ಹತ್ರ ಮುಚ್ಚಿಡಬ್ಯಾಡ” ಎಂದರು. ನಾನು ನಕ್ಕೆ. ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ ನಗಲಿಲ್ಲ. ಅವಳ ಬಗ್ಗೆಯೂ ನನಗೆ ಸಣ್ಣ ಅನುಮಾನ ಇದ್ದೇ ಇತ್ತು. ಸಡಿಲವಾದ ಪ್ಯಾಂಟುಗಳ ಸೊಂಟ ಹಿಡಿದು ಹೊಲಿದುಕೊಡು ಎಂದು ಎರಡು ತಿಂಗಳಿಂದ ಕೇಳುತ್ತಿದ್ದೆ. ದಾರ ಇಲ್ಲ ಅನ್ನುವಳು, ಸೂಜಿ ಮುರಿದಿದೆ ಅನ್ನುವಳು. ಇವನು ಮತ್ತೆ ಊದಿಕೊಳ್ಳುತ್ತಾನೆ, ಯಾಕೆ ದಂಡದ ಕೆಲಸ ಎಂದುಕೊಂಡಿದ್ದಾಳೆ ಎಂದು ನನಗೆ ಒಳಗೊಳಗೇ ಉರಿ.

ನಾಲ್ಕನೆಯ ತಿಂಗಳು ಮಷೀನು ಎಪ್ಪತ್ತೈದು ತೋರಿಸಿತು. ಮೂರು ವಾರ ಕಳೆಯುವಷ್ಟರಲ್ಲಿ ಎಪ್ಪತ್ತಾರು. ತೂಕದ ಕಲ್ಲು ಮತ್ತೆ ಇಟ್ಟೆ, ಮಷೀನಿನ ತಪ್ಪಿರಲಿಲ್ಲ. ಚಹಾದವನು ಸಕ್ಕರೆ ಹಾಕುತ್ತಿದ್ದಾನೆಂದು ಅನುಮಾನಿಸಿ, ಅವನ ಮುಂದೆ ನಿಂತು ಚಹಾ ಕಾಸಿಸಿದೆ. ಮನೆಯಲ್ಲಿ ಎಣ್ಣೆ ಬಾಟಲಿಗೆ ಪೆನ್ನಿನಲ್ಲಿ ಗೆರೆ ಎಳೆದು, ದಿನಕ್ಕೆ ಎಷ್ಟು ಇಳಿಯುತ್ತದೆಂದು ಕಳ್ಳನ ಹಾಗೆ ನೋಡಿದೆ. ಹೆಚ್ಚೇನೂ ಇಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಡಬ್ಬಿ ತೆಗೆದರೆ ಮುದ್ದೆಯ ನೆತ್ತಿ ಚಪ್ಪಟೆಯಾಗಿತ್ತು. ಮುಚ್ಚಳದೊಳಗಿನ ದುಂಡು ಗೆರೆ ಅದರ ಮೇಲೆ ಅಚ್ಚೊತ್ತಿತ್ತು. ಮುಚ್ಚಳವನ್ನು ಒತ್ತಿ ಹಾಕಿದ್ದರು. ಕೊಬ್ಬರಿಯ ಮಾದರಿ ತೂಗುವ ಸಣ್ಣ ತಕ್ಕಡಿಯ ಮೇಲೆ ಕಾಗದ ಹಾಸಿ ಮುದ್ದೆ ಇಟ್ಟೆ. ನಾನೂರಿಪ್ಪತ್ತು ಗ್ರಾಂ. ಪಕ್ಕದಲ್ಲಿ ಊಟಕ್ಕೆ ಕುಳಿತಿದ್ದ ಹಮಾಲಿಯ ಮುದ್ದೆಯನ್ನೂ ಕೇಳಿ ತೂಗಿದೆ. ಮುನ್ನೂರು. ದಿನವಿಡೀ ಚೀಲ ಹೊರುವವನಿಗೆ ಮುನ್ನೂರು, ನಿಂತು ಅಂಕಿ ಕೂಗುವವನಿಗೆ ನಾನೂರಿಪ್ಪತ್ತು. “ಅಕ್ಕಾರು ನಿಮ್ಮನ್ನ ಚೆಂದಾಗಿ ನೋಡ್ಕಂತಾರೆ ಬಿಡ್ರಿ” ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ಊರವರ ಚೀಲವನ್ನೆಲ್ಲ ಗ್ರಾಂ ಲೆಕ್ಕದಲ್ಲಿ ತೂಗಿದವನು ನನ್ನ ತಟ್ಟೆಯ ಮುದ್ದೆಯನ್ನು ಮಾತ್ರ ಎಣಿಸುತ್ತ ಬಂದಿದ್ದೆ. ನಮ್ಮ ಕಡೆ ಮುದ್ದೆಯನ್ನು ಎಣಿಸುತ್ತಾರೆ, ಯಾರೂ ತೂಗುವುದಿಲ್ಲ.

ಸಂಜೆ ಮನೆಗೆ ಹೋದವನೇ ಚಪ್ಪಲಿ ಬಿಡುವ ಮುಂಚೆಯೇ ಕೇಳಿದೆ. “ಬೇಲಿನೇ ಎದ್ದು ಹೊಲ ಮೇಯ್ದ್ರೆ ನಾನು ಯಾರಿಗೆ ಹೇಳ್ಲಿ? ಮುದ್ದೆ ಯಾಕೆ ದಪ್ಪ ಮಾಡ್ತಿದ್ದೀಯ?”

ಅವಳು ಸುಳ್ಳು ಹೇಳಲಿಲ್ಲ. “ಹೌದು, ಮಾಡ್ದೆ. ದಿನಕ್ಕಿಷ್ಟು ದಿನಕ್ಕಿಷ್ಟು ಸೇರ್ಸಿದೆ” ಎಂದು ಅಲ್ಲೇ ಹೊಸ್ತಿಲ ಪಕ್ಕ ಕುಳಿತಳು. “ನಮ್ಮಪ್ಪನ ಅಂಗಿ ಹಿಡ್ದು ಹೊಲ್ದು ಕೊಟ್ಟೋಳು ನಾನೇ ಕಣ್ರಿ.”

ಮಾವ ನಮ್ಮ ಮದುವೆಗೆ ಮುಂಚೆಯೇ ಅವರ ಊರು ತಾಳ್ಯದಲ್ಲಿ ತೀರಿಕೊಂಡಿದ್ದರು. ಯಾವುದೋ ಕಾಯಿಲೆ ಎಂದಷ್ಟೇ ನನಗೆ ಗೊತ್ತಿತ್ತು.

“ಹೊಟ್ಟೆ ಕರಗ್ತು, ಹುಡುಗನಂಗೆ ಆದ್ರು. ಊರೋರೆಲ್ಲ ಹೊಗಳೋರು. ಅಂಗಿ ಸಡ್ಲ ಆದಂಗೆಲ್ಲ ನಾನು ಖುಷಿಯಾಗಿ ಹಿಡ್ದು ಹೊಲ್ದೆ. ಮೂರು ಸಲ ಹೊಲ್ದೆ. ಎಂಟು ತಿಂಗ್ಳಿಗೆ ಎತ್ಕಂಡ್ ಹೋದ್ವಿ. ಈಗ ನೀವು ಪ್ಯಾಂಟು ತಂದು ಮುಂದೆ ಇಟ್ರೆ ನಂಗೆ ಕೈಯೇ ಬರಲ್ಲ.”

ನಾನು ಬೇಕೆಂದೇ ಇಳಿಸಿದ್ದು, ಡಾಕ್ಟರು ಹೇಳಿದ್ದು ಎಂದು ಇನ್ನೊಮ್ಮೆ ವಿವರಿಸಿದೆ. ಅವಳು ತಲೆ ಆಡಿಸಿದಳು, ನಂಬಲಿಲ್ಲ. ಇಷ್ಟು ವರ್ಷ ನಾನು ಎದುರಿನವರ ಮೇಲೆ ಇಟ್ಟುಕೊಂಡಿದ್ದ ಅನುಮಾನವನ್ನು ಆ ಸಂಜೆ ನನ್ನ ಕಡೆಗೇ ತಿರುಗಿದ್ದ ಅವಳ ಕಣ್ಣಲ್ಲಿ ಕಂಡೆ. ಕೊನೆಗೆ ಒಂದು ಒಪ್ಪಂದವಾಯಿತು. ಮುದ್ದೆ ಮುನ್ನೂರಕ್ಕೆ ಇಳಿಯಬೇಕು. ಅದಕ್ಕೆ ಬದಲಾಗಿ, ನನ್ನ ತೂಕವನ್ನು ಅವಳೇ ಬಂದು ನೋಡಬೇಕು. ನನ್ನ ಬಾಯಿಮಾತು ಬೇಡವಂತೆ.

ಹತ್ತು ದಿನ ಬಿಟ್ಟು ಅವಳು ಮಂಡಿಗೆ ಬಂದಳು. ಚೀಲ ಇಡುವ ಜಾಗದಲ್ಲಿ ನಾನು ನಿಂತೆ. ಅವಳು ಕನ್ನಡಕ ಹಾಕಿಕೊಂಡು, ಬಗ್ಗಿ ಅಂಕಿ ಓದಿದಳು. “ಎಪ್ಪತ್ತಾರೂವರೆ.”

ಇಳಿಯಬೇಕಿದ್ದದ್ದು, ಹಿಂದಿನ ದಪ್ಪ ಮುದ್ದೆಗಳ ಫಲವೋ ಏನೋ, ಅರ್ಧ ಕೆ.ಜಿ. ಏರಿತ್ತು. ಇನ್ನು ಡಾಕ್ಟರು ಒಂದು ವರ್ಷದ ಲೆಕ್ಕವನ್ನು ಮೊದಲಿನಿಂದ ಶುರುಮಾಡುತ್ತಾರೆ. ಸಿಟ್ಟಿನಿಂದ ಅವಳ ಕಡೆ ತಿರುಗಿದರೆ, ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. “ಇಳಿದಿಲ್ಲ” ಎಂದು ತನಗೇ ಎಂಬಂತೆ ಹೇಳಿಕೊಂಡು ಉಸಿರು ಬಿಟ್ಟಳು. ನಾನು ಮಷೀನಿನಿಂದ ಕೆಳಗಿಳಿದೆ.

“ಮುಂದಿನ ಸಲ ದುರ್ಗಕ್ಕೆ ನೀನೂ ಬಾ. ಡಾಕ್ಟ್ರ ಬಾಯಿಂದಾನೇ ಕೇಳು” ಎಂದೆ.

“ಬರ್ತೀನಿ. ರಕ್ತದ ಚೀಟಿ ನನ್ನ ಕೈಗೇ ಕೊಡ್ರಿ ಅಂತ ಹೇಳ್ತೀನಿ.”

“ಯಾಕೆ, ನಾನೇನು ಮುಚ್ಚಿಡ್ತೀನಾ?”

ಅವಳು ಕನ್ನಡಕ ತೆಗೆದು ಮಡಚಿದಳು. “ನಮ್ಮಪ್ಪಂಗೆ ಗೊತ್ತಿತ್ತು ಕಣ್ರಿ. ಆಸ್ಪತ್ರೆ ಚೀಟಿ, ಅವ್ರು ಹೋದ್ಮೇಲೆ, ರಾಗಿ ಡಬ್ಬದ ತಳದಾಗೆ ಸಿಕ್ತು. ನಾನು ಮೂರನೇ ಸಲ ಅಂಗಿ ಹೊಲ್ದು ಕೊಟ್ಟಾಗ, ಹಾಕ್ಕಂಡು ಕನ್ನಡಿ ಮುಂದೆ ನಿಂತು, ಚೆನ್ನಾಗೈತೆ ಮಗಳೇ ಅಂದಿದ್ರು.”